ಮೀಸೆಯ ಒಂದು ಕೂದಲು ಒತ್ತೆ

ಕಂಪ್ಯೂಟರ್ ಅಂಗಡಿಗಳೇ ತುಂಬಿದ ಬಾಗ್ದಾದಿನ ಸಿನಾಅ ಬೀದಿಯಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಪಕ್ಕದ ವಿಶ್ವವಿದ್ಯಾಲಯ ವರ್ಷಕ್ಕೆ ಹತ್ತು ಡಾಕ್ಟರುಗಳನ್ನು ಹೆತ್ತರೆ ನಮ್ಮ ಬೀದಿ ದಿನಕ್ಕೆ ನೂರು ಹೆರುತ್ತದೆ, ಅದೂ ಸೂಲಗಿತ್ತಿಯಿಲ್ಲದೆ. ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿದವನು ಇಲ್ಲಿ ಉಸ್ತಾದ್. ಕಿವಿಯ ಮೇಲೆ ಸಿಕ್ಕಿಸಿಕೊಂಡವನು ಇಂಜಿನಿಯರ್. ಅದರಿಂದಲೇ ಚಹಾದ ಸಕ್ಕರೆ ಕಲಕಿದವನು ಡಾಕ್ಟರ್. ಗಜ್ವಾನ್ ಈ ಮೂರು ಪದವಿಗಳನ್ನೂ ಒಂದೇ ಬೆಳಗ್ಗೆ, ಒಂದೇ ಸ್ಕ್ರೂಡ್ರೈವರಿನಿಂದ ಗಳಿಸಿದವನು.

ಕಂಪ್ಯೂಟರ್ ರಿಪೇರಿಯಲ್ಲಿ ಅವನಿಗಿಂತ ದೊಡ್ಡ ಕಿವಿ ಅರಬ್ ನಾಡಿನಲ್ಲಿ ಇರಲಿಲ್ಲ. ಮೊಸುಲ್‌ನಲ್ಲಿ ಫ್ಯಾನು ತಿರುಗಿದರೆ ಬಾಗ್ದಾದಿನಲ್ಲಿ ಕೂತು ಅದಕ್ಕೆ ಎಣ್ಣೆ ಬೇಕೋ ಬೇಡವೋ ಹೇಳುತ್ತಿದ್ದ. ಕಿವಿಯ ಮಾತು ಹಾಗಿರಲಿ, ಮೀಸೆಯ ಮಾತಿಗೆ ಬರೋಣ. ಅದರ ಬಲದ ತುದಿ ಈ ದಡದ ರುಸಾಫಾದಲ್ಲಿದ್ದರೆ ಎಡದ ತುದಿ ಆ ದಡದ ಕರ್ಖ್‌ನಲ್ಲಿ. ನಡುವೆ ದಿಜ್ಲಾ ನದಿ ಹರಿಯಬೇಕಿತ್ತು, ಗಜ್ವಾನನ ಮೂಗಿಗೆ ಹೆದರಿ ಪಕ್ಕಕ್ಕೆ ಸರಿದಿತ್ತು. ಬೆಳಗ್ಗೆ ಬಾದಾಮಿ ಎಣ್ಣೆ, ಸಂಜೆ ಬೇವಿನ ಬಾಚಣಿಗೆ. ಅವನು ಸೀನಿದ ದಿನ ಬೀದಿಯ ತುದಿಯ ಫಲಾಫಲ್ ಗಾಡಿಯವನ ಒಲೆ ಆರಿಹೋಗುತ್ತಿತ್ತು.

ಇಂಥ ಮೀಸೆ ಒಂದೇ ಮುಖದ ಮೇಲಿದ್ದರೆ ಲೋಕಕ್ಕೆ ಅನ್ಯಾಯ ಎಂದು ಗಜ್ವಾನನಿಗೆ ಅನ್ನಿಸಿತು. ಆದ್ದರಿಂದ ಆ ವರ್ಷದ ಬಕ್ರೀದಿಗೆ ಅವನು ಗಿರಾಕಿಗಳಿಗೆಲ್ಲ ಒಂದು ಉಡುಗೊರೆ ಕೊಟ್ಟ. ಮೊಸುಲ್‌ನ ಒಬ್ಬ ಚಿತ್ರಕಾರನಿಂದ ಮಾಡಿಸಿದ, ಕಂಪ್ಯೂಟರಿನ ಪರದೆಯ ಹಿನ್ನೆಲೆಗೆ ಹಾಕುವ ಅಲ್ಲಾಡುವ ಚಿತ್ರ ಅದು. ಮೇಲೆ ಚಿನ್ನದ ಅಕ್ಷರದಲ್ಲಿ ಅಂಗಡಿಯ ಹೆಸರು. ಕೆಳಗೆ ಗಜ್ವಾನನ ಮುಖ. ಮುಖದ ಮೇಲೆ ಮೀಸೆ, ಮೀಸೆಯಲ್ಲಿ ಏಳು ಸಾವಿರ ಕೂದಲು, ಒಂದೊಂದು ಕೂದಲೂ ಬೇರೆ ಬೇರೆಯಾಗಿ ಗಾಳಿಗೆ ತೂಗುತ್ತಿತ್ತು. ಅಂಗಡಿಗೆ ಬಂದ ಯಾವ ಯಂತ್ರವೂ ಈ ಉಡುಗೊರೆ ಪಡೆಯದೆ ಹೊರಗೆ ಹೋಗಲಿಲ್ಲ. ಕೇಳಿದವರಿಗೂ ಕೊಟ್ಟ, ಕೇಳದವರಿಗೂ ಕೊಟ್ಟ, ಬೇಡ ಎಂದವರಿಗೆ ಎರಡು ಸಲ ಕೊಟ್ಟ.

ಬಕ್ರೀದ್ ಕಳೆದ ಮೇಲೆ ಅವನ ಅಂಗಡಿಯ ಮುಂದೆ ರೋಗಿಗಳ ಸಾಲು ಬೆಳೆಯಿತು. ಕಂಪ್ಯೂಟರ್ ಕಾಯುತ್ತಿದೆ, ಫ್ಯಾನು ಕಿರುಚುತ್ತಿದೆ ಎಂದು ಜನ ಬಂದರು. ಗಜ್ವಾನ್ ಎಲ್ಲರಿಗೂ ಆಗಸ್ಟ್ ತಿಂಗಳ ಬಿಸಿಲನ್ನು ತೋರಿಸಿ ಫ್ಯಾನಿನ ಮೇಲೆ ಫ್ಯಾನು ಹಾಕಿ ಕಳಿಸಿದ. ಹಬ್ಬದ ದಾನಕ್ಕೆ ದೇವರು ಹೀಗೆ ಕೈತುಂಬ ಪ್ರತಿಫಲ ಕೊಡುತ್ತಾನೆಂದು ಶುಕ್ರವಾರದ ನಮಾಜಿನಲ್ಲಿ ಇನ್ನೊಂದಿಷ್ಟು ಹೊತ್ತು ಹಣೆ ಊರಿದ.

ಒಂದು ಸೋಮವಾರ ಬೆಳಗ್ಗೆ ರವ್ನಕ್ ತನ್ನ ಯಂತ್ರವನ್ನು ಹೊತ್ತುಕೊಂಡು ಮೂರನೆಯ ಸಲ ಬಂದಳು. ಆಕೆ ಕರ್ರಾದಾ ಬಡಾವಣೆಯ ತನ್ನ ಮನೆಯಲ್ಲೇ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವಳು. ಇವತ್ತು ಸುಖವಾಗಿ ಸಂಸಾರ ಮಾಡುತ್ತಿರುವವರ ಎಷ್ಟೋ ಮದುವೆಗಳಲ್ಲಿ ಅತ್ತೆಯಂದಿರ ಜಗಳವನ್ನು ಕತ್ತರಿಸಿ ತೆಗೆದ ಪುಣ್ಯ ಆಕೆಯದು. ಯಂತ್ರವನ್ನು ಮೇಜಿನ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಹೇಳಿದಳು:

"ಉಸ್ತಾದ್, ಅದೇ ಕಥೆ. ನಾನು ಏನೂ ಮಾಡ್ದೆ ಸುಮ್ನೆ ಕೂತಿದ್ರೂ ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನೂರು ಓಡ್ತಾ ಇರುತ್ತೆ. ಮೌಸ್ ಮುಟ್ಟಿಲ್ಲ, ಕೀಬೋರ್ಡ್ ಮುಟ್ಟಿಲ್ಲ. ಮನೆಯೊಳಗೆ ಹೆಲಿಕಾಪ್ಟರ್ ಇಳಿದ ಹಾಗೆ ಸದ್ದು."

"ಡಾಕ್ಟರ್," ಎಂದು ಗಜ್ವಾನ್ ತಿದ್ದಿದ.

"ಡಾಕ್ಟರ್ ಅಂದ್ರೆ ಇಳಿಯುತ್ತಾ ಅದು?"

ಗಜ್ವಾನ್ ಯಂತ್ರಕ್ಕೆ ಪರದೆ ಜೋಡಿಸಿದ. ಅವನದೊಂದು ಅಭ್ಯಾಸ. ಯಂತ್ರ ಕಣ್ಣು ಬಿಡುವ ಮೊದಲೇ ತನ್ನ ಪರೀಕ್ಷೆಯ ಕಪ್ಪು ಪುಟವನ್ನು ಪರದೆಯ ಅಂಚಿನಿಂದ ಅಂಚಿಗೆ ಹರಡಿಬಿಡುತ್ತಿದ್ದ, ಡಾಕ್ಟರು ರೋಗಿಯ ಮುಖ ನೋಡುವ ಮೊದಲು ಎದೆಗೆ ಕೊಳವೆ ಇಡುವ ಹಾಗೆ. ಯಂತ್ರ ಎರಡು ಕ್ಷಣ ಗುರ್ ಎಂದು, ಪುಟ ಹರಡಿಕೊಂಡ ಕೂಡಲೆ ತಣ್ಣಗಾಯಿತು. ಕಾರ್ಡಿನ ಹೊರೆ ಸೊನ್ನೆ. ಬೆಕ್ಕು ಮಲಗಿದರೂ ಅಷ್ಟು ಸದ್ದಿಲ್ಲದೆ ಮಲಗುವುದಿಲ್ಲ.

"ನೋಡು ಮಗಳೇ," ಎಂದ ಗಜ್ವಾನ್. "ಸೊನ್ನೆ. ಮೊದಲನೇ ಸಲ ಬಂದಾಗಲೂ ಸೊನ್ನೆ, ಎರಡನೇ ಸಲವೂ ಸೊನ್ನೆ. ರೋಗ ಯಂತ್ರದಲ್ಲಿಲ್ಲ."

"ಮತ್ತೆ ಎಲ್ಲಿದೆ?"

"ಹೆಂಗಸರಿಗೆ ಇದೆಲ್ಲ ಅರ್ಥ ಆಗೋದಿಲ್ಲ ಬಿಡು. ಮನೆಯಲ್ಲಿ ಧೂಳಿರಬೇಕು. ಕಸ ಗುಡಿಸು."

ರವ್ನಕ್ ಅವನ ಮೀಸೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಅಷ್ಟು ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

"ಕಸ ನಾನು ಗುಡಿಸ್ತೀನಿ. ನಮ್ಮ ಗಲ್ಲಿಗೆ ಜನರೇಟರ್ ಕರೆಂಟು ಮಾರೋ ಹಾಜಿ ಮಿಜ್ಬಾನ್‌ಗೆ ನೀವೇ ಉತ್ತರ ಕೊಡಿ. ನನ್ನ ಯಂತ್ರ ಹಾಕಿದಾಗೆಲ್ಲ ಅವರ ಜನರೇಟರ್ ಲೈನು ಟ್ರಿಪ್ ಆಗುತ್ತೆ. ನಮ್ಮ ಮನೆದಷ್ಟೇ ಅಲ್ಲ, ಗಲ್ಲಿಗೇ ಕತ್ತಲು. ಗುರುವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ನನ್ನ ವೈರು ಕಿತ್ತು ಹಾಕ್ತಾರಂತೆ. ಸರಕಾರಿ ಕರೆಂಟು ನಂಬಿ ನಾನು ಮದುವೆ ವಿಡಿಯೋ ಮಾಡೋಕೆ ಹೋದ್ರೆ ಮೊಮ್ಮಕ್ಕಳ ಮದುವೆಗೆ ತಾತನ ಮದುವೆ ಸಿಡಿ ಸಿಗುತ್ತೆ."

ಎದುರಿನ ಅಂಗಡಿಯ ಬಹ್ನಾಂ ಆಗ ಚಹಾದಂಗಡಿಯ ಬೆಂಚಿನ ಮೇಲಿದ್ದ. ಅವನೂ ಅದೇ ಕಸುಬಿನವನು. ಮೀಸೆಯಿಲ್ಲ, ಪದವಿಯಿಲ್ಲ, ಮಾತೂ ಕಡಿಮೆ. ಆದರೆ ಆಡಿದ ಮಾತು ಮಾತ್ರ ಲಿಂಬೆಹಣ್ಣಿನ ಚಹಾದ ಹಾಗೆ ಹಲ್ಲು ಚುಳ್ಳೆನ್ನಿಸುತ್ತಿತ್ತು.

"ಡಾಕ್ಟ್ರೇ, ಮೂರು ಸಲ ಬಂದ ರೋಗಿ ರೋಗಿ ಅಲ್ಲ, ಅಳಿಯ," ಎಂದ ಬಹ್ನಾಂ. "ಇನ್ನು ಮೇಲೆ ಊಟಕ್ಕೂ ಹಾಕಬೇಕಾಗುತ್ತೆ. ನಿಮ್ಮಿಂದ ಆಗ್ದಿದ್ರೆ ಇತ್ತ ಕಳಿಸಿ."

ಬೆಂಚು ನಕ್ಕಿತು. ಸಿನಾಅ ಬೀದಿಯ ಬೆಂಚು ನಕ್ಕರೆ ಬಸ್ರಾದಲ್ಲಿ ಖರ್ಜೂರ ಉದುರುತ್ತದೆ. ಗಜ್ವಾನನ ಕಿವಿ ಕೆಂಪಾಯಿತು. ಅವನು ಬೀದಿಯ ನಡುವೆ ಬಂದು ನಿಂತು, ಮೀಸೆಯ ಎಡಗಡೆಯ ತುದಿಯನ್ನು ಹಿಡಿದು, ಪಟ್ಟನೆ ಒಂದು ಕೂದಲು ಕಿತ್ತ.

ನಗು ನಿಂತುಹೋಯಿತು. ಅಜ್ಜಂದಿರ ಕಾಲದಲ್ಲಿ ಕುದುರೆ, ತೋಟ, ಮಗಳ ಮದುವೆಯ ಮಾತು, ಏನೇ ಇರಲಿ, ಮೀಸೆಯ ಒಂದು ಕೂದಲು ಒತ್ತೆಯಿಟ್ಟರೆ ಮುಗಿಯಿತು. ಕಾಗದ ಬೇಡ, ಸಾಕ್ಷಿ ಬೇಡ. ಮಾತು ಉಳಿಸಿಕೊಂಡವನಿಗೆ ಕೂದಲು ವಾಪಸ್ಸು. ಉಳಿಸಿಕೊಳ್ಳದವನ ಉಳಿದ ಕೂದಲೂ ಅದರ ಹಿಂದೆ ಹೋಗಬೇಕು. ಈಗಿನವರು ಮೀಸೆ ಮುಟ್ಟಿಕೊಂಡು ಆಣೆ ಹಾಕುತ್ತಾರೆಯೇ ಹೊರತು ಕೀಳುವ ಧೈರ್ಯ ಯಾರಿಗಿದೆ?

"ಗುರುವಾರ ಮಧ್ಯಾಹ್ನದ ಬಾಂಗಿನೊಳಗೆ," ಎಂದ ಗಜ್ವಾನ್, "ಇದೇ ಬೆಂಚಿನ ಮುಂದೆ ನಿಂತು ಈ ರೋಗದ ಹೆಸರು ಹೇಳ್ತೀನಿ. ಅದು ಎಲ್ಲಿಂದ ಬಂತು, ಯಾರ ಮಗ, ಎಲ್ಲಾ ಹೇಳ್ತೀನಿ. ಹೇಳ್ದೆ ಹೋದ್ರೆ ಮಿಕ್ಕಿದ್ದೂ ನಿಮ್ಮದೇ." ಕೂದಲನ್ನು ರವ್ನಕಳ ಅಂಗೈಯಲ್ಲಿಟ್ಟ.

ರವ್ನಕ್ ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿದಳು. "ಅಯ್ಯೋ, ಎಷ್ಟು ಭಾರ," ಎಂದಳು.

ಆ ಸೋಮವಾರ ಮತ್ತು ಮಂಗಳವಾರ ಗಜ್ವಾನ್ ಆ ಯಂತ್ರಕ್ಕೆ ಮಾಡಿದ ಚಿಕಿತ್ಸೆಯನ್ನು ರಾಜಮಹಾರಾಜರೂ ಪಡೆದಿರಲಿಕ್ಕಿಲ್ಲ. ಕಾರ್ಡನ್ನು ಬಿಚ್ಚಿ, ಅದರ ನೆತ್ತಿಯ ಮೇಲಿನ ಶಾಖ ಇಳಿಸುವ ಹಳೆಯ ಪೇಸ್ಟನ್ನು ಕೆರೆದು, ಹೊಸ ಪೇಸ್ಟನ್ನು ಹೋಳಿಗೆಗೆ ತುಪ್ಪ ಸವರುವಷ್ಟು ಧಾರಾಳವಾಗಿ ಸವರಿದ. ಡ್ರೈವರ್ ತೆಗೆದು ಮತ್ತೆ ಹಾಕಿದ, ಹಳೆಯದನ್ನು ಹಾಕಿದ, ಹೊಸದನ್ನು ಹಾಕಿದ. ಯಾರೋ ಕಳ್ಳರು ಒಳಗೆ ಕೂತು ಕದ್ದು ಬಿಟ್‌ಕಾಯಿನ್ ನಾಣ್ಯ ಟಂಕಿಸುತ್ತಿರಬಹುದೆಂದು ವೈರಸ್ ಹಿಡಿಯುವ ಮೂರು ಬಗೆಯ ಜಾಲ ಬೀಸಿದ. ಬಲೆಗೆ ಬಿದ್ದದ್ದು ರವ್ನಕಳ ಭಾವಮೈದುನನ ಒಂದು ಹಳೆಯ ಪ್ರೇಮಪತ್ರ. ಅದನ್ನು ಓದಿದ, ಮರುಗಿದ, ಮುಚ್ಚಿಟ್ಟ. ಪ್ರತಿ ಸಲವೂ ಕಪ್ಪು ಪುಟ ಹರಡಿದ, ಪ್ರತಿ ಸಲವೂ ಸೊನ್ನೆ. ಕಾರ್ಡು ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿತ್ತು.

"ಹುಷಾರಾಗಿದೆ," ಎಂದು ಮಂಗಳವಾರ ಸಂಜೆ ಕಳಿಸಿಕೊಟ್ಟ. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಫೋನು ಬಂತು. ಆ ಕಡೆಯಿಂದ ರವ್ನಕ್ ಮಾತಾಡಲಿಲ್ಲ. ಫೋನನ್ನು ಯಂತ್ರದ ಬಾಯಿಗೆ ಹಿಡಿದಿದ್ದಳು. ಹೆಲಿಕಾಪ್ಟರ್. ಜೊತೆಗೆ ಬೀದಿಯಿಂದ ಹಾಜಿ ಮಿಜ್ಬಾನರ ಬೈಗುಳ. ಆಮೇಲೆ ಎರಡೂ ಒಟ್ಟಿಗೆ ನಿಂತವು, ಅಂದರೆ ಲೈನು ಟ್ರಿಪ್ ಆಗಿತ್ತು.

ಗಜ್ವಾನ್ ಹತ್ತು ವರ್ಷಗಳಲ್ಲಿ ಮೊದಲ ಸಲ ರೋಗಿಯ ಮನೆಗೆ ಹೊರಟ.

ರವ್ನಕಳ ಕೋಣೆಯಲ್ಲಿ ಮೇಜು ಒಂದು, ಪರದೆ ಎರಡು. ಎಡಗಡೆಯದರಲ್ಲಿ ಆಕೆಯ ಕೆಲಸ, ಒಬ್ಬ ವರ ಕತ್ತು ಬಗ್ಗಿಸಿ ನಿಂತಿದ್ದ. ಬಲಗಡೆಯದರಲ್ಲಿ ಕೆಲಸವೇನೂ ಇರಲಿಲ್ಲ; ಅಲ್ಲಿ ಗಜ್ವಾನನೇ ಇದ್ದ, ಏಳು ಸಾವಿರ ಕೂದಲಿನೊಂದಿಗೆ, ಗಾಳಿಯಲ್ಲಿ ತೂಗುತ್ತ. ಅದರ ಮುಂದೆ ದಿಂಬಿಗೊರಗಿ ಕೂತವರು ರವ್ನಕಳ ಅತ್ತೆ, ಹಜ್ ಯಾತ್ರೆ ಮುಗಿಸಿದ ಹಜ್ಜಿಯಾ ಬದ್ರಿಯಾ. ಎಂಬತ್ತು ವರ್ಷ. ಮೂರು ಯುದ್ಧ ಮತ್ತು ನಾಲ್ವರು ಸೊಸೆಯರನ್ನು ಕಂಡವರು. ಯುದ್ಧಗಳೇ ವಾಸಿ ಎಂದು ಹೇಳುವವರು. ಬಲಗಡೆಯ ಪರದೆ ಅವರ ಧಾರಾವಾಹಿಗೆ ಮೀಸಲು.

"ಸಲಾಂ ಹಜ್ಜಿಯಾ," ಎಂದ ಗಜ್ವಾನ್.

ಹಜ್ಜಿಯಾ ಒಮ್ಮೆ ಪರದೆಯನ್ನು, ಒಮ್ಮೆ ಅವನನ್ನು ನೋಡಿದರು. "ನೀನೇನಾ ಇವನು? ಪರದೆಯಲ್ಲಿ ಇನ್ನೂ ಸ್ವಲ್ಪ ಮೈ ಇದೆ ನಿಂಗೆ."

"ಚಿತ್ರಕಾರರ ಪ್ರೀತಿ, ಹಜ್ಜಿಯಾ."

"ನನ್ನನ್ನೇ ನೋಡ್ತಾನಪ್ಪಾ ಇವನು, ಇಡೀ ದಿನ. ನಮಾಜಿಗೆ ಕೂತ್ರೂ ಬಿಡಲ್ಲ. ಒಂದು ಮಾತು ಹೇಳ್ಲಾ? ನನ್ನ ಧಾರಾವಾಹಿ ಹಾಕಿದ್ರೆ ಇವನು ಹೋಗ್ತಾನೆ. ಇವನು ಹೋದ್ರೆ ಸದ್ದೂ ಹೋಗುತ್ತೆ. ಧಾರಾವಾಹಿ ಮುಗೀತು, ಇವನೂ ಬಂದ, ಸದ್ದೂ ಬಂತು. ನಾನು ಇವಳಿಗೂ ಹೇಳ್ದೆ."

"ಹೌದು ಉಸ್ತಾದ್, ಅಮ್ಮ ಹೇಳ್ತಾನೇ ಇದ್ದಾರೆ," ಎಂದಳು ರವ್ನಕ್.

ಗಜ್ವಾನ್ ನಕ್ಕ. ವೈದ್ಯ ಶಾಸ್ತ್ರ ಬಲ್ಲವನು ಮಾಟಮಂತ್ರದ ಮಾತಿಗೆ ನಗುವ ನಗು. "ಹಜ್ಜಿಯಾ, ನೀವು ನಮ್ಮ ತಲೆಯ ಮೇಲಿನ ಕಿರೀಟ. ಆದ್ರೆ ಇದು ಇಲೆಕ್ಟ್ರಾನಿಕ್ಸು. ನಿಮಗೆ ಅರ್ಥ ಆಗೋದಿಲ್ಲ."

"ಸರಿ," ಎಂದರು ಹಜ್ಜಿಯಾ. ಅವರು ಸರಿ ಎಂದರೆ ಹಿಂದಿನ ಮೂವರು ಸೊಸೆಯರು ನಡುಗುತ್ತಿದ್ದರಂತೆ. ಗಜ್ವಾನನಿಗೆ ಅದು ಗೊತ್ತಿರಲಿಲ್ಲ. ಅವನು ಅವರು ಕೊಟ್ಟ ಖರ್ಜೂರ ತುಂಬಿದ ಕ್ಲೇಚಾ ಬಿಸ್ಕತ್ತು ತಿಂದು ಕೆಲಸಕ್ಕೆ ಕೂತ.

ಮನೆಯಲ್ಲಿ ಅವನ ಕಪ್ಪು ಪುಟ ಎಡಗಡೆಯ ಪರದೆಯಲ್ಲಿ ಮಾತ್ರ ಹರಡಿತು. ಮೊದಲ ಸಲ ರೋಗ ಅವನ ಕಣ್ಣಿಗೆ ಬಿತ್ತು: ನೂರಕ್ಕೆ ನೂರು. ಯಾವ ಪ್ರೋಗ್ರಾಮು ಕಾರ್ಡನ್ನು ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿಯನ್ನು ತೆರೆದ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ಹೆಸರು "ಡಾಕ್ಟರ್ ಗಜ್ವಾನ್".

ಬೇರೆ ಯಾವ ಮನುಷ್ಯನಾದರೂ ಅಲ್ಲೇ ನಿಲ್ಲುತ್ತಿದ್ದ. ಆದರೆ ಯಾವ ಪಟ್ಟಿಯಲ್ಲೇ ಆಗಲಿ ತನ್ನ ಹೆಸರು ಮೊದಲಿರುವುದು ಗಜ್ವಾನನಿಗೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಅದು ಸೃಷ್ಟಿಯ ನಿಯಮ. ಕಂಪ್ಯೂಟರು ಅಂಗಡಿಯ ಯಜಮಾನನಿಗೆ ಮರ್ಯಾದೆ ತೋರಿಸುತ್ತಿದೆ ಎಂದುಕೊಂಡು, ಮೀಸೆ ನೀವಿಕೊಂಡು, ಎರಡನೆಯ ಹೆಸರಿನಿಂದ ಹುಡುಕಲು ಶುರುಮಾಡಿದ. ಸಾಯಂಕಾಲದವರೆಗೆ ಹುಡುಕಿದ. ತನ್ನ ಅಂಗಡಿಯ ಅತ್ಯುತ್ತಮ ಕಾರ್ಡನ್ನು ತರಿಸಿ ಹಾಕಿ ನೋಡಿದ. ಅದೂ ನೂರಕ್ಕೆ ನೂರು ಓಡಿ, ಇನ್ನೂ ದೊಡ್ಡ ದನಿಯಲ್ಲಿ ಅರಚಿತು. ಲೈನು ಐದು ಸಲ ಟ್ರಿಪ್ ಆಯಿತು. ಐದನೆಯ ಸಲ ಹಾಜಿ ಮಿಜ್ಬಾನ್ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಕರ್ರಾದಾದ ನಾಲ್ಕು ಗಲ್ಲಿಗಳಿಗೆ ಹಗಲನ್ನೂ ರಾತ್ರಿಯನ್ನೂ ಹಂಚುವ ಮನುಷ್ಯ; ಸೂರ್ಯ ಕೂಡ ಅವರ ಬಳಿ ಎರಡು ಆಂಪಿಯರ್ ಸಾಲ ಕೇಳುತ್ತಾನೆ ಎಂಬ ಮಾತಿತ್ತು.

"ನಾಳೆ ಮಧ್ಯಾಹ್ನದವರೆಗೆ," ಎಂದರು ಹಾಜಿ, ಕತ್ತರಿಯನ್ನು ಗಾಳಿಯಲ್ಲಿ ಒಮ್ಮೆ ಕಚಕ್ಕೆನ್ನಿಸಿ. "ವೈರು ಆಮೇಲೆ. ಮೊದಲು ನಿನ್ನ ಮೀಸೆಗೆ ಬರ್ತೀನಿ. ಬೀದಿಯಲ್ಲೆಲ್ಲ ಅದೇ ಸುದ್ದಿ."

ಗುರುವಾರ ಬೆಳಗ್ಗೆ ಗಜ್ವಾನ್ ಬರುವಾಗ ಬಾದಾಮಿ ಎಣ್ಣೆ ಹಚ್ಚಿರಲಿಲ್ಲ. ಕನ್ನಡಿಯಲ್ಲಿ ಮೀಸೆಯಿಲ್ಲದ ತನ್ನ ಮುಖವನ್ನು ಊಹಿಸಿಕೊಂಡು ಎದೆ ಒಡೆದಿತ್ತು. ಅಲ್ಲಿ ಕಂಡದ್ದು ಅವನ ಸೋದರಮಾವನ ಮುಖ, ಮೂರು ಸಲ ಪರೀಕ್ಷೆಯಲ್ಲಿ ಫೇಲಾದ ಸೋದರಮಾವನದು. ಮೀಸೆ ಹೋದರೆ ಡಾಕ್ಟರ್ ಹೋಗುತ್ತಾನೆ. ಡಾಕ್ಟರ್ ಹೋದರೆ ಅಂಗಡಿಯಲ್ಲಿ ಉಳಿಯುವುದು ಸ್ಕ್ರೂಡ್ರೈವರ್ ಹಿಡಿದ ಒಬ್ಬ ಗಜ್ವಾನ್, ಅಂಥವರು ಬೀದಿಯಲ್ಲಿ ನೂರಿದ್ದಾರೆ. 

ಅವನು ಪಟ್ಟಿಯನ್ನು ತೆರೆದು, ಎರಡನೆಯ ಹೆಸರಿನಿಂದ ಒಂದೊಂದಾಗಿ ಮುಚ್ಚುತ್ತ ಬಂದ. ವಿಡಿಯೋ ಪ್ರೋಗ್ರಾಮು ಮುಚ್ಚಿದ. ಅಂತರಜಾಲ ಮುಚ್ಚಿದ. ಹಾಡಿನದು, ಪತ್ರದ್ದು, ಗಡಿಯಾರದ್ದು. ಹತ್ತೂವರೆಗೆ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಉಳಿಯಿತು. ಕಾರ್ಡು ನೂರಕ್ಕೆ ನೂರು ಓಡುತ್ತಲೇ ಇತ್ತು.

ಗಜ್ವಾನ್ ಆ ಹೆಸರನ್ನು ನೋಡಿದ. ಬಲಗಡೆಯ ಪರದೆಯಿಂದ ಗಜ್ವಾನ್ ಅವನನ್ನು ನೋಡಿದ. ಒಬ್ಬನ ಮೀಸೆ ಜೋತುಬಿದ್ದಿತ್ತು, ಇನ್ನೊಬ್ಬನದು ತೂಗುತ್ತಿತ್ತು.

ಆಗ ಅವನಿಗೆ ಮೊಸುಲ್‌ನ ಚಿತ್ರಕಾರನ ಫೋನು ನೆನಪಾಯಿತು. "ಉಸ್ತಾದ್, ಈ ಚಿತ್ರವನ್ನ ಸೆಕೆಂಡಿಗೆ ಎಷ್ಟು ಸಲ ಬಿಡಿಸಲಿ? ಮೂವತ್ತಕ್ಕೆ ಮಿತಿ ಹಾಕಲಾ? ಇಲ್ಲಾಂದ್ರೆ ಕಾರ್ಡು ಪೂರ್ತಿ ತಿಂದುಬಿಡುತ್ತೆ." ಅದಕ್ಕೆ ತಾನು ಕೊಟ್ಟ ಉತ್ತರವೂ ನೆನಪಾಯಿತು: "ಗಜ್ವಾನನ ಮೀಸೆಗೆ ಮಿತಿ ಹಾಕೋಕೆ ನೀನ್ಯಾರು? ಎಷ್ಟಾಗುತ್ತೋ ಅಷ್ಟು." ಚಿತ್ರಕಾರ ಇನ್ನೊಂದು ಮಾತನ್ನೂ ಹೇಳಿದ್ದ. ಮೇಲೆ ಯಾವುದಾದರೂ ಪುಟ ಪೂರ್ತಿ ಮುಚ್ಚಿಕೊಂಡರೆ ಮೀಸೆ ತಾನಾಗಿ ನಿಲ್ಲುತ್ತದೆ, ಯಾರೂ ನೋಡದಿರುವಾಗ ತೂಗಿ ಪ್ರಯೋಜನವೇನು ಎಂದು. ಅಂಗಡಿಯಲ್ಲಿ ಒಂದೇ ಪರದೆ. ಕಪ್ಪು ಪುಟ ಹರಡಿದಾಗೆಲ್ಲ ತಾನು ತನ್ನ ಮುಖದ ಮೇಲೆಯೇ ಚಾದರ ಹೊದಿಸಿ, ರೋಗವಿಲ್ಲ, ರೋಗವಿಲ್ಲ ಎಂದಿದ್ದ.

ಮೂರು ಅಂಗುಲ ಅಗಲದ ಬೆವರಿನ ಹನಿಯೊಂದು ಅವನ ಹಣೆಯಿಂದ ಹೊರಟು ಮೀಸೆಯ ಕಾಡಿನಲ್ಲಿ ದಾರಿ ತಪ್ಪಿತು.

ರವ್ನಕ್ ಅಡಿಗೆಮನೆಯಲ್ಲಿದ್ದಳು. ಹಜ್ಜಿಯಾ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ಗಜ್ವಾನ್ ಬೆಕ್ಕಿನ ಹೆಜ್ಜೆಯಲ್ಲಿ ಮೌಸನ್ನು ಸರಿಸಿ, ತನ್ನ ಉಡುಗೊರೆಯನ್ನು ಬೇರುಸಹಿತ ಕಿತ್ತುಹಾಕಿದ. ಪರದೆ ನೀಲಿಯಾಯಿತು. ಹೆಲಿಕಾಪ್ಟರ್ ಇಳಿಯಿತು. ಎರಡು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು.

"ಸಿಕ್ತಾ?" ರವ್ನಕ್ ಓಡಿ ಬಂದಳು.

"ಸಿಗದೆ ಎಲ್ಲಿ ಹೋಗುತ್ತೆ ಮಗಳೇ? ಹೊರದೇಶದ ವೈರಸ್. ಇಡೀ ಲೋಕದಲ್ಲಿ ಇದು ಮೂರನೇ ಕೇಸು. ಮೊದಲಿನ ಇಬ್ಬರೂ ಬದುಕಲಿಲ್ಲ. ಕತ್ತು ಹಿಡಿದು ಎಳೆದು ಹಾಕಿದೆ."

"ಅವನೆಲ್ಲಿ?" ಎಂದರು ಹಜ್ಜಿಯಾ, ಕಣ್ಣು ಮುಚ್ಚಿಕೊಂಡೇ.

"ಯಾರು ಹಜ್ಜಿಯಾ?"

"ಪರದೆ ಮೇಲಿದ್ದವನು. ಮೀಸೆಯವನು."

"ಓ, ಅದಾ. ವೈರಸ್ ತೆಗೆಯುವಾಗ ಜೊತೆಗೆ ಹೋಯ್ತು."

"ವಾಪಸ್ ಹಾಕು."

"ಹಜ್ಜಿಯಾ, ನಿಮ್ಮನ್ನ ನೋಡ್ತಾನೆ, ನಮಾಜಿಗೆ ಬಿಡಲ್ಲ ಅಂತ ನೀವೇ—"

"ಅಭ್ಯಾಸ ಆಗಿದ್ದಾನೆ. ನನ್ನ ಗಂಡ ಹೋಗಿ ಹದಿನೆಂಟು ವರ್ಷ ಆಯ್ತು, ಮನೇಲಿ ಒಂದು ಮೀಸೆ ಅಂತ ಇದ್ದದ್ದು ಇದೇ." ಹಜ್ಜಿಯಾ ಈಗ ಕಣ್ಣು ಬಿಟ್ಟರು. "ಬಕ್ರೀದಿನ ಉಡುಗೊರೆ ಅಂತ ಕೊಟ್ಟೆ. ಕೊಟ್ಟ ಉಡುಗೊರೆ ವಾಪಸ್ ತಗೊಳ್ಳೋರ ಮನೆತನ ಯಾವುದಪ್ಪಾ ನಿಂದು? ನಿನ್ನ ತಾಯಿ ಹೆಸರೇನು? ನಮಗೆ ಗೊತ್ತಿರೋರೇ ಇರಬೇಕು."

ತಾಯಿಯ ಹೆಸರು ಬಂದ ಮೇಲೆ ಬಾಗ್ದಾದಿನ ಯಾವ ಗಂಡಸೂ ಹೇಳಿದಂತೆ ಕೇಳುತ್ತಾನೆ. ಗಜ್ವಾನ್ ತನ್ನನ್ನು ತಾನೇ ಮತ್ತೆ ಪರದೆಗೆ ಏರಿಸಿದ. ಏಳು ಸಾವಿರ ಕೂದಲು ಒಮ್ಮೆಗೇ ಎದ್ದು ತೂಗಿದವು. ಹೆಲಿಕಾಪ್ಟರ್ ಮೇಲೆದ್ದಿತು. ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಕೆಳಗಿನಿಂದ ಹಾಜಿ ಮಿಜ್ಬಾನರ ಬೈಗುಳ ಕೇಳಿಸಿತು.

ರವ್ನಕ್ ಪರದೆಯನ್ನು ನೋಡಿದಳು. ಪಟ್ಟಿಯಲ್ಲಿ ಉಳಿದಿದ್ದ ಒಂದೇ ಹೆಸರನ್ನು ಓದಿದಳು. ಅತ್ತೆಯ ಮುಖ ನೋಡಿದಳು. ಆಮೇಲೆ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬೆನ್ನು ಮಾತ್ರ ಕುಲುಕುತ್ತಿತ್ತು.

"ಸಾಕು, ಈಗ ತೆಗಿ," ಎಂದರು ಹಜ್ಜಿಯಾ. "ನಮಗೆ ಅರ್ಥ ಆಗೋದಿಲ್ಲ ಅಂದ್ಯಲ್ಲ, ಅದಕ್ಕೆ ಒಂದ್ಸಲ ನಿನ್ನ ಕೈಯಲ್ಲೇ ಮಾಡಿಸಿ ನೋಡ್ದೆ. ನಡಿ, ಬಾಂಗ್ ಹೊತ್ತಾಯ್ತು. ನಾನೂ ಬರ್ತೀನಿ. ಇವಳು ಕೂದಲನ್ನ ನನ್ನ ಹತ್ರಾನೇ ಕೊಟ್ಟಿದ್ದಾಳೆ."

ಸಿನಾಅ ಬೀದಿಯ ಬೆಂಚಿನ ಸುತ್ತ ಆ ಮಧ್ಯಾಹ್ನ ಲಕ್ಷ ಜನ ಸೇರಿದ್ದರು. ಎಣಿಸಿದವರು ಅರವತ್ತು ಎನ್ನುತ್ತಾರೆ, ಎಣಿಸುವವರಿಗೆ ಕಣ್ಣು ಸರಿಯಿಲ್ಲ. ಕ್ಷೌರಿಕ ಬಿಳಿ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು, ಕತ್ತಿಯನ್ನು ಪಟ್ಟಿಗೆ ಉಜ್ಜುತ್ತ ನಿಂತಿದ್ದ. ಬಹ್ನಾಂ ಚಹಾ ಕುಡಿಯುತ್ತಿದ್ದ. ಹಾಜಿ ಮಿಜ್ಬಾನ್ ಕತ್ತರಿ ತಂದಿದ್ದರು. ಹಜ್ಜಿಯಾ ಬದ್ರಿಯಾರಿಗೆ ಬೆಂಚನ್ನು ಬಿಟ್ಟುಕೊಟ್ಟರು. ಅವರು ಮಡಿಲಲ್ಲಿ ಕಾಗದದ ಪೊಟ್ಟಣ ಇಟ್ಟುಕೊಂಡು ಕೂತರು.

ಗಜ್ವಾನ್ ನಡುವೆ ನಿಂತ. ರೋಗದ ಹೆಸರು ಹೇಳಿದರೆ ಮೀಸೆ ಉಳಿಯುತ್ತದೆ. ಆದರೆ ರೋಗದ ಹೆಸರು ಗಜ್ವಾನ್. ಹೇಳದಿದ್ದರೆ ಹೆಸರು ಉಳಿಯುತ್ತದೆ. ಆದರೆ ಮೀಸೆ ಕ್ಷೌರಿಕನದು. ಮಸೀದಿಯ ಧ್ವನಿವರ್ಧಕ ಕೆಮ್ಮಿತು, ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕ್ಷೌರಿಕ ಕತ್ತಿ ಉಜ್ಜುವುದನ್ನು ನಿಲ್ಲಿಸಿದ.

ಗಜ್ವಾನ್ ಎದೆ ಉಬ್ಬಿಸಿದ.

"ಜನಗಳೇ," ಎಂದ, "ರೋಗ ಸಿಕ್ತು. ಲೋಕದಲ್ಲಿ ಎಷ್ಟೋ ಕಾರ್ಡುಗಳಿವೆ. ಬೆಟ್ಟ ತೋರಿಸುತ್ತವೆ, ಸಮುದ್ರ ತೋರಿಸುತ್ತವೆ, ಯುದ್ಧ ತೋರಿಸುತ್ತವೆ, ಬೆವರೋದಿಲ್ಲ. ಆದ್ರೆ ನನ್ನ ಈ ಮೀಸೆಯನ್ನ ತೋರಿಸೋ ಕಾರ್ಡು ಇನ್ನೂ ಹುಟ್ಟಿಲ್ಲ. ಹಬ್ಬಕ್ಕೆ ನಾನು ಕೊಟ್ಟ ಚಿತ್ರ ಇದೆಯಲ್ಲ, ಅದನ್ನ ಹೊತ್ತೇ ಈ ಹೆಣ್ಣುಮಗಳ ಕಾರ್ಡು ಏದುಸಿರು ಬಿಟ್ಟದ್ದು. ನನ್ನ ಮೀಸೆಯ ಭಾರಕ್ಕೆ ಕರ್ರಾದಾದ ಕರೆಂಟೇ ಹೋಯ್ತು. ಇಂಥದ್ದು ಯಾರ ಮುಖದ ಮೇಲಿದೆ, ಹೇಳಿ."

ಆಗಲೇ ಬಾಂಗ್ ಶುರುವಾಯಿತು. ಅದು ಮುಗಿಯುವವರೆಗೆ ಯಾರೂ ಮಾತಾಡುವಂತಿರಲಿಲ್ಲ, ನಗುವಂತೆಯೂ ಇರಲಿಲ್ಲ. ಲಕ್ಷ ಜನ ತುಟಿ ಕಚ್ಚಿಕೊಂಡು ನಿಂತರು. ಕೊನೆಯ ಸ್ವರ ಇಳಿದ ಮೇಲೆ ಬಹ್ನಾಂ ಲೋಟ ಕೆಳಗಿಟ್ಟ.

"ಅಂದ್ರೆ ಡಾಕ್ಟ್ರೇ, ರೋಗ ನೀವೇ."

"ಇರಬಹುದು. ಕಂಡುಹಿಡಿದದ್ದು ಯಾರು?"

ಬೆಂಚು ಸಿಡಿಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕೇಳಿದ್ದೇವೆ. ಮೀಸೆಯೇ ಜಟ್ಟಿಯನ್ನು ಕೆಡವಿ, ಮತ್ತೆ ತಾನೇ ಎತ್ತಿ ನಿಲ್ಲಿಸಿದ್ದನ್ನು ನಮ್ಮ ಬೀದಿ ಮಾತ್ರ ಕಂಡಿದೆ. ಕ್ಷೌರಿಕ ಬೇಸರದಿಂದ ಕತ್ತಿ ಮಡಚಿದ. ಗಜ್ವಾನ್ ಗೆದ್ದವನ ಹಾಗೆ ಎಡಬಲಕ್ಕೆ ತಲೆಬಾಗುತ್ತಿದ್ದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೈ ಎತ್ತಿದ. ನಕ್ಷೆ ಬರೆಯುವ ಕಚೇರಿಯೊಂದರ ಯಜಮಾನ.

"ತಡೀರಿ. ನಂಗೂ ಹಬ್ಬಕ್ಕೆ ಅದೇ ಉಡುಗೊರೆ ಕೊಟ್ಟಿದ್ರಿ. ಆಮೇಲೆ ಯಂತ್ರ ಕಾಯುತ್ತೆ ಅಂದ್ರೆ ಬಿಸಿಲು ಅಂತ ಹೇಳಿ ಮೂರು ಫ್ಯಾನು ಹಾಕಿದ್ರಿ."

"ನಂಗೆ ನಾಲ್ಕು," ಎಂದ ಇನ್ನೊಬ್ಬ.

"ನನ್ನ ಹೆಂಡತಿ ಸ್ಟುಡಿಯೋಗೆ ಎ.ಸಿ. ಹಾಕಿಸಿದ್ರಿ, ಮಾರಾಯರೇ."

ನಗು ಒಂದೊಂದೇ ಬಾಯಿಂದ ಇಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಖದ ಹಿಂದೆಯೂ ಮನೆಯಲ್ಲಿ ಒಂದೊಂದು ಮೀಸೆ ತೂಗುತ್ತಿತ್ತು. ಹಾಜಿ ಮಿಜ್ಬಾನ್ ನಿಧಾನವಾಗಿ ಕತ್ತರಿಯನ್ನು ಕೈ ಬದಲಾಯಿಸಿದರು.

"ಹಾಗಾದ್ರೆ ಬಕ್ರೀದಿನಿಂದ ನಾನು ಸುಟ್ಟ ಡೀಸೆಲ್ ಎಲ್ಲಾ ಇವನ ಮೀಸೆಗೆ ಗಾಳಿ ಬೀಸೋಕಾ?"

ಗಜ್ವಾನ್ ನಮಾಜಿಗೆ ಹೊತ್ತಾಯಿತೆಂದು ಹೇಳಿ ಮಸೀದಿಯ ಕಡೆ ನಡೆದ. ಅಷ್ಟು ವೇಗದಲ್ಲಿ ಮಸೀದಿಗೆ ಹೋದ ಭಕ್ತನನ್ನು ಬಾಗ್ದಾದ್ ಅದಕ್ಕೆ ಮೊದಲು ಕಂಡಿರಲಿಲ್ಲ.

ಶನಿವಾರ ಬೆಳಗ್ಗೆ ಬಹ್ನಾಂನ ಅಂಗಡಿಯ ಮೇಲೆ ಒಂದು ಹಲಗೆ ನೇತಾಡುತ್ತಿತ್ತು: "ಇಲ್ಲಿ ಡಾಕ್ಟರರ ಮೀಸೆ ತೆಗೆಯಲಾಗುತ್ತದೆ. ಐದು ನಿಮಿಷ." ಸಾಲು ವಿಶ್ವವಿದ್ಯಾಲಯದ ಗೇಟಿನವರೆಗೆ ಇತ್ತು. ಒಂದು ವಾರ ಗಜ್ವಾನ್ ತನ್ನ ಅಂಗಡಿಯ ಗಾಜಿನ ಹಿಂದೆ ಕೂತು, ಎದುರಿನಲ್ಲಿ ತನ್ನನ್ನು ದಿನಕ್ಕೆ ಮೂವತ್ತು ನಲವತ್ತು ಸಲ ಬೋಳಿಸುವುದನ್ನು ನೋಡಿದ. ಮುಖದ ಮೇಲಿನದು ಹಾಗೆಯೇ ಇತ್ತು. ಅದನ್ನು ನೋಡಲು ಯಾರೂ ಬರಲಿಲ್ಲ.

ಬಂದವಳು ರವ್ನಕ್. ಹೊಸ ಕೀಬೋರ್ಡ್ ಬೇಕಿತ್ತು. ಅವಳ ವೈರು ಉಳಿದಿತ್ತು, ಮದುವೆಗಳು ಸಾಲಾಗಿ ಮುಗಿಯುತ್ತಿದ್ದವು.

"ಹಜ್ಜಿಯಾ ಚೆನ್ನಾಗಿದ್ದಾರಾ?" ಎಂದ ಗಜ್ವಾನ್. ಆಮೇಲೆ ಕೀಬೋರ್ಡಿನ ಡಬ್ಬಿಯನ್ನು ತಿರುವುತ್ತ ಮೆಲ್ಲಗೆ ಕೇಳಿದ. "ನಾನು ರೋಗದ ಹೆಸರು ಹೇಳಿದೆನಲ್ಲ, ಬಾಂಗಿನೊಳಗೇ ಹೇಳಿದೆ. ಆ ಕೂದಲು ವಾಪಸ್ ಬರಬೇಕು, ಪದ್ಧತಿ."

"ಕೇಳಿದೆ ಉಸ್ತಾದ್. ಕೊಡಲ್ಲ ಅಂದ್ರು."

"ಯಾಕಂತೆ?"

"ಮಿಕ್ಕಿದ್ದೆಲ್ಲ ನಿಮ್ಮದಂತೆ. ಇದೊಂದು ತಮ್ಮ ಹತ್ರ ಇರ್ಲಿ ಅಂತ ಕುರಾನಿನ ಕಪಾಟಿನ ಮೇಲಿಟ್ಟಿದ್ದಾರೆ. ಇನ್ನೊಂದ್ಸಲ ಯಾವುದಾದ್ರೂ ಹೆಂಗಸಿಗೆ 'ನಿಮಗೆ ಅರ್ಥ ಆಗೋದಿಲ್ಲ' ಅಂದ್ರಿ ಅಂತ ಕಿವಿಗೆ ಬಿದ್ರೆ, ಕ್ಷೌರಿಕನ ಕೈಯಲ್ಲಿ ಕೊಟ್ಟು ಕಳಿಸ್ತಾರಂತೆ."

ಗಜ್ವಾನನ ಬೆರಳು ತಾನಾಗಿ ಮೀಸೆಯ ಎಡಗಡೆಗೆ ಹೋಯಿತು. ಅಲ್ಲಿ ಒಂದು ಕೂದಲಿನ ಖಾಲಿ ಜಾಗವಿತ್ತು, ಒಂಟೆಯೊಂದು ಹೊರೆಸಮೇತ ದಾಟಿಹೋಗುವಷ್ಟು ಅಗಲ.

"ಕೀಬೋರ್ಡು ಹೇಗಿರಬೇಕು?" ಎಂದ. ಆಮೇಲೆ, ಆಕೆ ಹೇಳಿ ಮುಗಿಸುವವರೆಗೆ ಬಾಯಿ ತೆರೆಯಲಿಲ್ಲ.